ಹೊಸ ಎಂಜಿನ್ನಿನ ಮೊದಲ ವಾರ

ತಂಗಿಯ ಮನೆ ಯಲ್ಲಾಪುರದ ಕಡೆ, ಹಿನ್ನೀರಿನ ಆಚೆ ದಡದಲ್ಲಿದೆ. ಪೇಟೆಗೆ ಬರಲು ಅವರಿಗೆ ದೋಣಿಯೊಂದೇ ದಾರಿ. ಅವಳ ಗಂಡ, ನನ್ನ ಭಾವ, ದೋಣಿಗೆ ಹೊಸ ಎಂಜಿನ್ ಕೂರಿಸಿದ ವಾರವೇ ಅಪ್ಪಯ್ಯನೂ ನಾನೂ ಶಿರಸಿಯಿಂದ ಹೋದೆವು. ಕಳೆ ಕೊಚ್ಚುವ ಮಷಿನ್ನಿಗೆಂದು ಆಯಿಲ್ ಬೆರೆಸಿಟ್ಟಿದ್ದ ಪೆಟ್ರೋಲನ್ನು ಅಪ್ಪಯ್ಯ ಒಂದು ಕ್ಯಾನಿನಲ್ಲಿ ಅಳಿಯನಿಗಾಗಿ ಪ್ರೀತಿಯಿಂದ ತಂದಿದ್ದರು.

“ಮಾವ, ಇದಕ್ಕೆ ಬರೀ ಪೆಟ್ರೋಲೇ ಬೇಕು. ಆಯಿಲ್ಲಿಗೆ ಬೇರೆ ಜಾಗ ಇದ್ದು” ಎಂದು ನಮ್ಮನ್ನು ಕರೆದೊಯ್ಯಲು ಈಚೆ ದಡಕ್ಕೆ ಬಂದಿದ್ದ ಭಾವ ಕ್ಯಾನನ್ನು ಮೆಲ್ಲಗೆ ಬದಿಗಿಟ್ಟ. ಅಪ್ಪಯ್ಯನ ಮುಖ ಸಣ್ಣದಾಯಿತು.

ದೋಣಿಯಲ್ಲಿ ಭಾವನ ನೆರೆಮನೆಯವರಿಬ್ಬರಿದ್ದರು. ಭಾವ ವೇಗವನ್ನು ಆಗಾಗ ತುಸು ಏರಿಸುತ್ತ, ಇಳಿಸುತ್ತ ನಿಧಾನವಾಗಿ ಹೋಗುತ್ತಿದ್ದ. ಹೊಸ ಎಂಜಿನ್ ಪಳಗುವ ಮೊದಲೇ ಪೂರ್ತಿ ವೇಗ ಕೊಟ್ಟರೆ ಒಳಗಿನ ಭಾಗಗಳು ಸವೆದು ಹಾಳಾಗುತ್ತವೆ ಎಂದು ಹೊರಡುವಾಗಲೇ ನಮಗೆ ಹೇಳಿದ್ದ.

“ಎಂತದ ಅಳಿಯ, ಎಮ್ಮೆ ಈಜಿದಾಂಗೆ ಹೋಗ್ತು! ಹುಟ್ಟು ಹಾಕಿದ್ರೆ ಇಷ್ಟೊತ್ತಿಗೆ ಮುಟ್ತಿದ್ಯ” ಎಂದರು ಅಪ್ಪಯ್ಯ. ನೆರೆಯವರು ನಕ್ಕರು. “ಜೋರು ಬಿಡಲೆ ಹೆದ್ರಿಕೆಯ?”

ಮಾವನಿಗೆ ಒಂದೇ ದಿನ ಎರಡು ಸಲ ಇಲ್ಲವೆನ್ನಲು ಭಾವನಿಂದ ಆಗಲಿಲ್ಲ. ನನ್ನತ್ತ ನೋಡಿದ. ಅಪ್ಪಯ್ಯನನ್ನು ತಡೆಯಬಹುದಾಗಿದ್ದವನು ನಾನೊಬ್ಬನೇ. ನಾನು ನೀರು ನೋಡುತ್ತ ಕುಳಿತೆ. ಭಾವ ವೇಗದ ಹಿಡಿಯನ್ನು ಕೊನೆಯವರೆಗೂ ತಿರುಗಿಸಿದ.

ದಡದಲ್ಲಿ ನಿಂತಿದ್ದ ತಂಗಿಗೆ ಎಂಜಿನ್ನಿನ ಅಬ್ಬರ ಕೇಳಿಸಿತ್ತು; ಅದನ್ನು ನಿಧಾನವಾಗಿ ಓಡಿಸಬೇಕೆಂದು ಅವಳಿಗೂ ಗೊತ್ತಿತ್ತು. ಅಪ್ಪಯ್ಯ ನಗುತ್ತ ಇಳಿದು ಮನೆಯತ್ತ ನಡೆದರು. ಭಾವ ಎಂಜಿನ್ನಿನ ಮೇಲೆ ಕೈಯಿಟ್ಟು ಬಿಸಿ ನೋಡುತ್ತಿದ್ದ. ತಂಗಿ ಅವನನ್ನು ದಾಟಿ ನನ್ನ ಬಳಿ ಬಂದಳು.

“ನೀನೂ ದೋಣಿಲೇ ಇದ್ಯಲಾ ಅಣ್ಣ?” ಎಂದಳು.