ಜಯಮಂಗಲಿಯ ಒರತೆ

ದೆವ್ವ, ಗಾಳಿ, ಮೈಮೇಲೆ ಬರುವುದು, ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಧೈರ್ಯವಂತ ಎಂದಲ್ಲ. ಇರುವ ಸಂಗತಿಗಳಿಗೆ ಹೆದರುವುದರಲ್ಲೇ ನನ್ನ ದಿನ ಮುಗಿದುಹೋಗುತ್ತಿತ್ತು. ಇಲ್ಲದವಕ್ಕೆ ಹೆದರಲು ಪುರುಸೊತ್ತೆಲ್ಲಿ? ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು ನೋಡುವವನು ನಾನು. ಇಂಥವನು ಮಧುಗಿರಿಯಲ್ಲಿ ತೆಪ್ಪಗೆ ಜೆರಾಕ್ಸ್ ಅಂಗಡಿ ನೋಡಿಕೊಳ್ಳುವುದು ಬಿಟ್ಟು, ದಿನಪತ್ರಿಕೆಗೆ ಸುದ್ದಿ ಬರೆಯುವ ಕೆಲಸ ಯಾಕೆ ಹಚ್ಚಿಕೊಂಡೆ ಎಂದು ಹೆಂಡತಿ ಇವತ್ತಿಗೂ ಕೇಳುತ್ತಾಳೆ.

ಕೆಲವು ವರ್ಷಗಳ ಹಿಂದೆ ಕೊರಟಗೆರೆ ಕಡೆಯ ಹಳ್ಳಿಯೊಂದರಿಂದ ಹನುಮಂತರಾಯ ಎಂಬ ರೈತ ವಾಟ್ಸಾಪಿನಲ್ಲಿ ಸುದ್ದಿ ಕಳಿಸಿದ. ಜಯಮಂಗಲಿ ಹೊಳೆಯ ಮರಳು ಕದ್ದು ಸಾಗಿಸುತ್ತಿದ್ದಾರೆ, ಬಂದು ಫೋಟೋ ತೆಗೆಯಿರಿ, ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು, ಗೊತ್ತಾದರೆ ನನ್ನನ್ನು ಊರಲ್ಲಿ ಬದುಕಗೊಡುವುದಿಲ್ಲ ಎಂದಿದ್ದ.

ಇಂಥ ಕಡೆ ಹೋಗಲು ನನ್ನದೊಂದು ಉಪಾಯವಿತ್ತು. ಮುಗಿದ ಮದುವೆಗಳ ಉಳಿದ ಲಗ್ನಪತ್ರಿಕೆಗಳನ್ನು ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದೆ. ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆ ಹಿಡಿದು ಅಲೆಯುವವನನ್ನು ನಮ್ಮ ಕಡೆ ಯಾರೂ ಅನುಮಾನಿಸುವುದಿಲ್ಲ. ಕೂರಿಸಿ ಕಾಫಿ ಕೊಡುತ್ತಾರೆ.

ಅವತ್ತು ಸಂಜೆ ಬೈಕನ್ನು ದೂರದ ಹೊಂಗೆಮರದ ಕೆಳಗೆ ನಿಲ್ಲಿಸಿ, ಜಾಲಿ ಪೊದೆಯ ಮರೆಯಿಂದ ಮರಳು ತುಂಬುವವರ ಫೋಟೋ ತೆಗೆದೆ. ಎಲ್ಲವನ್ನೂ ಎರಡೆರಡು ಸಲ ನೋಡುವ ನಾನು ಫ್ಲ್ಯಾಶ್ ಆರಿಸುವುದನ್ನೇ ಮರೆತಿದ್ದೆ. ಪೊದೆ ಫಳಾರನೆ ಬೆಳಗಿತು.

"ಯಾವನ್ಲಾ ಅವ್ನು? ಹಿಡ್ಕಳ್ರೋ, ಫೋನ್ ಕಿತ್ಕಳ್ರಿ" ಎಂದು ಟ್ರ್ಯಾಕ್ಟರ್ ಕಡೆಯಿಂದ ಕೂಗು ಬಂತು.

ಆ ಫೋನಿನಲ್ಲಿ ಹನುಮಂತರಾಯನ ಮೆಸೇಜುಗಳೆಲ್ಲ ಹಾಗೇ ಇದ್ದವು. ನಿಂತು ಅಳಿಸಲು ಸಮಯವಿರಲಿಲ್ಲ. ಬತ್ತಿದ ಹೊಳೆಗಿಳಿದು ಓಡಿದೆ.

ದಡದ ಮೇಲೆ ಈಚಲಮರವೊಂದು ಬಾಗಿ ನಿಂತಿದ್ದ ತಿರುವಿನಲ್ಲಿ ಒಬ್ಬ ಅಜ್ಜಿ, ಮರಳಿನಲ್ಲಿ ತೋಡಿದ ಒರತೆಯ ಗುಂಡಿಯ ಪಕ್ಕ ಕೂತು ತೆಂಗಿನ ಚಿಪ್ಪಿನಿಂದ ಬಿಂದಿಗೆಗೆ ನೀರು ತುಂಬುತ್ತಿದ್ದಳು. ಗಾಬರಿಯಲ್ಲಿ ಬೇರೇನೂ ತೋಚದೆ ಪತ್ರಿಕೆ ಚಾಚಿ, "ಮದುವೆಗೆ ಬರಬೇಕಜ್ಜಿ" ಎಂದೆ.

ಅವಳು ಅದನ್ನು ಬಿಚ್ಚಲೂ ಇಲ್ಲ. "ಆಗೋಗಿರೋ ಮದ್ವೆಗೆ ಕರೀತೀಯಲ್ಲಪ್ಪ. ನಿನ್ ಮಗ್ಳು ಮದ್ವೆಗೆ ಕರಿ, ಬತ್ತೀನಿ. ಈಗ ಇಳ್ದು ಕುಂತ್ಕ, ನೀರು ಕುಡಿ."

ನನಗೆ ಮಗಳಿರುವುದು ಇವಳಿಗೆ ಹೇಗೆ ಗೊತ್ತು ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗುಂಡಿಗಿಳಿದು ಕುಕ್ಕರಿಸಿದೆ. ಚಿಪ್ಪು ಕೊಟ್ಟಳು. ತಣ್ಣನೆಯ ಸಿಹಿನೀರು; ಹಲ್ಲಿಗೆ ಮರಳು ಸಿಕ್ಕಿತು. ಅಷ್ಟರಲ್ಲಿ ಕಾಲಸದ್ದು, ಟಾರ್ಚಿನ ಬೆಳಕು ಹತ್ತಿರವೇ ಹಾದುಹೋದವು. "ಇಲ್ಯಾರೂ ಇಲ್ಲ ಕಣ್ಲಾ, ಆ ಕಡೆ ನೋಡನ ನಡಿ" ಎಂದ ಒಬ್ಬ. ಅಜ್ಜಿ ಗುಂಡಿಯ ಅಂಚಿನಲ್ಲೇ ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಸದ್ದಡಗಿದ ಮೇಲೆ ಎದ್ದು ನೋಡಿದರೆ ಅವಳೂ ಇಲ್ಲ, ಬಿಂದಿಗೆಯೂ ಇಲ್ಲ. ಮನೆಗೆ ಹೋಗಿರಬೇಕು ಎಂದುಕೊಂಡು ಬಳಸುದಾರಿಯಲ್ಲಿ ಬೈಕ್ ಸೇರಿದೆ. ಮನೆ ಮುಟ್ಟಿದಾಗ ಹೆಂಡತಿ ಕೇಳಿದ್ದಿಷ್ಟೇ: "ಅಂಗಿ ಎಲ್ಲ ನೆಂದೈತಲ್ರೀ, ಯಾವ್ ಹೊಳೆಗೆ ಬಿದ್ದಿದ್ರಿ?"

ಸುದ್ದಿ ಅಚ್ಚಾಯಿತು. ಹನುಮಂತರಾಯನ ಹೆಸರು ಹೊರಬೀಳಲಿಲ್ಲ. ಆಮೇಲೆ ಅಧಿಕಾರಿಗಳು ಸ್ಥಳ ನೋಡಲು ಹೊರಟಾಗ ಅವರ ಜೀಪಿನ ಹಿಂದೆ ನಾನೂ ಬಹಳ ಧೈರ್ಯವಾಗಿ ಹೋದೆ. ತಿರುವು ಅದೇ, ದಡದ ಮೇಲಿನ ಬಾಗಿದ ಈಚಲಮರವೂ ಅದೇ. ಮರಳಿನ ಸುಳಿವೇ ಇಲ್ಲ. ಉದ್ದಕ್ಕೂ ಬಿರುಕುಬಿಟ್ಟ ಜೇಡಿಮಣ್ಣು. ಮನುಷ್ಯ ಹಾಗಿರಲಿ, ಕೋಳಿ ಅಡಗುವಷ್ಟೂ ತಗ್ಗಿಲ್ಲ. ಗುಂಪಿನಲ್ಲಿ ನನ್ನ ಗುರುತೇ ಇಲ್ಲದವನಂತೆ ನಿಂತಿದ್ದ ಹನುಮಂತರಾಯನನ್ನು ಮೆಲ್ಲಗೆ ಕೇಳಿದೆ.

"ಇಲ್ಲಿ ಒರತೇನಾ?" ಎಂದ. "ಮರಳು ಹೋಯ್ತು, ಅದ್ರ ಜತೇಲಿ ಒರತೇನೂ ಹೋಯ್ತು ಸಾ. ಇಲ್ಲಿ ನೀರು ಮೊಗೆದೋರಲ್ಲಿ ನಮ್ಮವ್ವನೇ ಕೊನೆ. ಅವ್ವ ಹೋಗೇ ಎಷ್ಟೋ ವರ್ಸ ಆಯ್ತು."

ಗಾಬರಿಯಲ್ಲಿ ತಿರುವು ತಪ್ಪಿರಬಹುದು. ಅಂಗಿ ನೆಂದದ್ದು ಬೆವರಿಗೇ ಇರಬಹುದು, ನನ್ನ ಬೆವರಿನ ಶಕ್ತಿ ನನಗೆ ಗೊತ್ತಿದೆ. ಆದರೆ ಅವತ್ತು ರಾತ್ರಿ ಅಂಗಿ ಒಗೆಯಲು ಹಾಕುವಾಗ ಜೇಬಿನ ತಳದಲ್ಲಿ ಸಿಕ್ಕ ಒಂದು ಚಿಟಿಕೆ ಹಸಿ ಮರಳಿಗೆ ನನ್ನಲ್ಲಿ ವಿವರಣೆ ಇಲ್ಲ.

ಈಗ ಮಗಳ ಮದುವೆ ಗೊತ್ತಾಗಿದೆ. ಲಗ್ನಪತ್ರಿಕೆಗಳ ಮೇಲೆ ಹೆಸರು ಬರೆಯುತ್ತಿದ್ದೇವೆ. ಅರಿಶಿನ ಕುಂಕುಮ ಹಚ್ಚಿ ಒಂದನ್ನು ಪಕ್ಕಕ್ಕೆ ಇಟ್ಟಿದ್ದೇನೆ. "ಇದ್ಯಾರಿಗ್ರೀ?" ಎಂದು ಹೆಂಡತಿ ಕೇಳಿದಳು. ಅಂಚೆಗೆ ಹಾಕುವಂಥದ್ದಲ್ಲ, ಕೈಯಲ್ಲೇ ಕೊಡಬೇಕು ಎಂದೆ. ಎಲ್ಲಿ ಹೋಗಿ ಕೊಡುವುದೆಂದು ಮಾತ್ರ ನನಗೆ ಗೊತ್ತಿಲ್ಲ.