ಲೆಸ್ಲಿಯ ಶುಕ್ರವಾರದ ರೇಡಿಯೊ

ಶುಕ್ರವಾರ ಬಂತೆಂದರೆ ದುಬೈಯ ದೇರಾದಲ್ಲಿ ಹೋಟೆಲೊಂದರ ಲಾಂಡ್ರಿಯಲ್ಲಿ ದುಡಿಯುವ ಲೆಸ್ಲಿಗೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಹಿಂದೆಂದೋ ಬ್ರಿಟಿಷ್ ರೇಡಿಯೊದಲ್ಲಿ ಕಂತುಕಂತಾಗಿ ಬಂದು, ಕಾದಂಬರಿಗಳಾಗಿ, ಈಗ ಹೊಸ ಮುಖಪುಟದಲ್ಲಿ ಮರುಮುದ್ರಣವಾಗಿರುವ ಪತ್ತೇದಾರಿ ಪುಸ್ತಕಗಳಲ್ಲೊಂದನ್ನು ಹಿಡಿದು, ಕೋಣೆಯ ಮಂಚಗಳ ನಡುವೆ ಶತಪಥ ಹಾಕುತ್ತಾ, ತನ್ನಿಂದ ಬೇರೆಯಾದ ಹೆಂಡತಿಯ ಜೊತೆ ಅಲ್ ಐನ್ ಊರಿನಲ್ಲಿರುವ ಮಗಳು ಸ್ಟೇಸಿಗೆ ಫೋನಿನಲ್ಲಿ ಓದುತ್ತಾನೆ. ಜಮೀನ್ದಾರನಿಗೆ ಒಂದು ದನಿ, ಅಡುಗೆಯವಳಿಗೆ ಇನ್ನೊಂದು; ಗುಂಡು ಹಾರಿದರೆ ತಾನೇ ಹಾಸಿಗೆಯ ಮೇಲೆ ದೊಪ್ಪನೆ ಬೀಳುತ್ತಾನೆ. ಗುಟ್ಟು ಬಯಲಾಗುವ ಹೊತ್ತಿಗೆ ಸರಿಯಾಗಿ ಪುಸ್ತಕ ಮುಚ್ಚುತ್ತಾನೆ. "ಕೊಂದದ್ದು ಯಾರಂತ ಹೇಳಿ ಖಲಾಸ್ ಮಾಡು ಮಾರಾಯ!" ಎಂದು ಪಕ್ಕದ ಮಂಚದ ಭಟ್ಕಳದ ಮುಝಫ್ಫರ್ ಗೋಗರೆಯುತ್ತಾನೆ. "ಹೇಳಿದ್ರೆ ಮುಂದಿನ ವಾರ ಅವಳು ಫೋನ್ ಎತ್ತುದುಂಟಾ?" ಎನ್ನುತ್ತಾನೆ ಲೆಸ್ಲಿ. ಮಗಳು ಮಾತಾಡುವುದು ಕಥೆಗಾಗಿ ಮಾತ್ರ ಎಂಬುದು ಅವನ ಅಂಜಿಕೆ. ಮೊನ್ನೆಯ ಶುಕ್ರವಾರ ಉಳಿದದ್ದು ಕೊನೆಯ ಅಧ್ಯಾಯ ಒಂದೇ. ದುಬೈಯಿಡೀ ಅಲೆದರೂ ಮುಂದಿನ ಪುಸ್ತಕ ಸಿಕ್ಕಿರಲಿಲ್ಲ. ಬೇಕೆಂದೇ ಕೆಮ್ಮಿದ, ನೀರು ಕುಡಿದ, ಓದಿದ ಸಾಲನ್ನೇ ಮತ್ತೆ ಓದಿದ. ಆಚೆಯಿಂದ ಸ್ಟೇಸಿ, "ಐ ನೋ, ಪಪ್ಪಾ. ಡಾಕ್ಟರೇ ಕೊಂದದ್ದು. ಸ್ಕೂಲ್ ಲೈಬ್ರರಿಯಲ್ಲಿ ಯಾವಾಗ್ಲೋ ಓದಿ ಮುಗಿಸಿದ್ದೆ. ಸ್ಟಾಪ್ ಮಾಡ್ಬೇಡಿ, ಓದಿ" ಎಂದಳು.