ದೊಡ್ಡವ್ವ ಊಟ ಬಿಟ್ಟ ಚಳಿಗಾಲ

ನಾನು ಐದನೆಯ ಇಯತ್ತೆಯಲ್ಲಿದ್ದ ಆ ದಿನಗಳಲ್ಲಿ ಶಿರಗುಪ್ಪಿಯ ಚಳಿಗಾಲವೆಂದರೆ ಕಬ್ಬಿನ ಟ್ರ್ಯಾಕ್ಟರುಗಳ ಸದ್ದು, ಊರ ತುಂಬ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಹುಳಿವಾಸನೆ. ಟ್ರೇಲರಿನ ಹಿಂದೆ ಓಡಿ ಕಬ್ಬು ಜಗ್ಗುವುದೇ ನಮ್ಮ ಆಟ. ಜಗ್ಗಿ ತಂದದ್ದನ್ನು ಸೀಳಿ ಎಲ್ಲರಿಗೂ ಹಂಚುತ್ತಿದ್ದವಳು ನನ್ನ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ.

ಆ ವರ್ಷ ದೀಪಾವಳಿ ಕಳೆದ ಮೇಲೆ ಅವಳ ಮಾತು ಕಡಿಮೆಯಾಯಿತು, ನಿದ್ದೆ ಹೋಯಿತು. ಆಮೇಲೆ ತಾಟು ದೂಡತೊಡಗಿದಳು.

“ನನ್ನ ಕರಳು ಕೊಳತ ಹೋಗ್ಯಾವ. ಒಳಗ ಏನೂ ಉಳದಿಲ್ಲ. ಉಂಡದ್ದು ಎಲ್ಲಿ ಹೋಗಬೇಕ?”

ನಾನು ನಕ್ಕುಬಿಟ್ಟೆ. “ಮತ್ತ ಹೆಂಗ ಬದಕೀದಿ ದೊಡ್ಡವ್ವಾ?”

“ಎಲ್ಲಿ ಬದಕೇನವಾ, ಸತ್ತೇನಿ,” ಎಂದಳು, ಸಿಟ್ಟಿಲ್ಲದೆ.

ಅವ್ವ ನನ್ನನ್ನು ಹಿತ್ತಲಿಗೆ ಎಳೆದೊಯ್ದಳು. “ಆಕಿಗೆ ಅದು ಖರೇನ ಐತಿ. ಇನ್ನೊಮ್ಮೆ ನಕ್ಕರ ನೋಡು!”

ಓಣಿಯವರು ಗಾಳಿ ಸೋಕಿದೆ ಎಂದರು. ಲಿಂಬೆಹಣ್ಣು, ಗುಡಿಯ ಅಂಗಾರದ ಬೂದಿ ಬಂದವು. ಅವ್ವ ಮಾತ್ರ ಅಂಬಲಿಯ ವಾಟಗ ಹಿಡಿದು ತನ್ನ ನೆಗೆಣ್ಣಿಯಾದ ದೊಡ್ಡವ್ವನ ಪಕ್ಕ ಕೂರುತ್ತಿದ್ದಳು. “ಒಳಗ ಏನಾಗೇತೋ ನನಗ ತಿಳಿಯೂದಿಲ್ಲ ಅಕ್ಕಾರ. ನನ್ನ ಸಲುವಾಗಿ ಎರಡ ಗುಟುಕ.” ಎರಡು ಗುಟುಕಿಗೆ ಒಂದೊಂದು ತಾಸು.

ಮಿರಜಿನಲ್ಲಿ ಮನಸ್ಸಿನ ಡಾಕ್ಟರಿದ್ದಾರೆಂದು ಅವ್ವ ನನಗೆ ಕಲಿಸುತ್ತಿದ್ದ ಶಾಲೆಯ ಬಾಯಿಯವರಿಂದ ತಿಳಿದುಕೊಂಡು ಬಂದಳು. ದೊಡ್ಡಪ್ಪ ಒಪ್ಪಲಿಲ್ಲ. “ಹುಚ್ಚರ ಡಾಕ್ಟರ್ ಕಡೆ? ಮಂದಿ ಏನಂದಾರು?”

ಭಾವನ ಎದುರು ಎಂದೂ ಬಾಯಿ ಬಿಡದ ಅವ್ವ ಸೆರಗು ಹೊದ್ದು ಬಾಗಿಲ ಮರೆಯಿಂದಲೇ ಅಂದಳು: “ಮಂದಿ ಬಂದ ಉಣ್ಣಸ್ತಾರೇನ್ರಿ? ನಾಳೆ ಮುಂಜಾನೆ ಬಸ್ಸಿಗೆ ನಾ ಕರಕೊಂಡ ಹೋಗಾಕಿ.”

ಕರೆದೊಯ್ದಳು. ಖಿನ್ನತೆ ವಿಪರೀತವಾದಾಗ ಮನಸ್ಸು ದೇಹದ ಬಗ್ಗೆಯೇ ಹೀಗೆ ಸುಳ್ಳು ಹೇಳುತ್ತದೆ, ವಾಸಿಯಾಗುತ್ತದೆ ಎಂದರಂತೆ ಡಾಕ್ಟರು. ಮೂರು ವಾರ ಅವ್ವ ದೊಡ್ಡವ್ವನ ಮಂಚದ ಪಕ್ಕ ಆಸ್ಪತ್ರೆಯ ನೆಲದ ಮೇಲೆ ಮಲಗಿದಳು. ಮನೆಗೆ ಬಂದ ಮೇಲೂ ದೊಡ್ಡವ್ವ ಬಹಳ ದಿನ ಮಂಕಾಗಿಯೇ ಇದ್ದಳು. ಗುಳಿಗೆ ಮಾತ್ರ ತಪ್ಪಲಿಲ್ಲ.

ಒಂದು ಮಧ್ಯಾಹ್ನ ಅವ್ವ ಕಡಲೆಹಿಟ್ಟಿನ ಜುಣಕ ಮಾಡುತ್ತಿದ್ದಳು. ಒಗ್ಗರಣೆಯ ಘಾಟಿಗೆ ನಾನು ಕೆಮ್ಮುತ್ತಿದ್ದಾಗ ಪಡಸಾಲೆಯಿಂದ ದೊಡ್ಡವ್ವನ ದನಿ: “ನನಗೂ ಒಂದ ರೊಟ್ಟಿ ಹಾಕ. ಹಸದೈತಿ.”

ಅವ್ವ ಒಲೆಯ ಮುಂದೆಯೇ ಅತ್ತಳು. ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಅವ್ವ ಹೋಗಿ ನಾಲ್ಕು ವರ್ಷವಾಯಿತು. ಮಣ್ಣು ಮಾಡಿ ಬಂದ ದಿನ ದೊಡ್ಡವ್ವ ನನ್ನ ಕೈ ಹಿಡಿದು, “ಆಗ ಎಲ್ಲಾರೂ ನನ್ನ ಜೋಡಿ ವಾದಾ ಮಾಡಿದ್ರು. ನಿಮ್ಮವ್ವ ಒಬ್ಬಾಕಿನ, ಎಲ್ಲಿ ತ್ರಾಸ ಆಗತೈತ್ರಿ ಅಕ್ಕಾರ ಅಂತ ಕೇಳಿದ್ಲು,” ಎಂದಳು.

ಈಗ ಯಾರಾದರೂ ಮನಸ್ಸು ಸರಿಯಿಲ್ಲವೆಂದರೆ ನಾನು ಕೂಡಲೇ ಡಾಕ್ಟರ ನಂಬರು ಕಳಿಸುತ್ತೇನೆ. ಅವ್ವನ ಹಾಗೆ ಪಕ್ಕದಲ್ಲಿ ಕೂತು ಕೇಳುವುದು ಮಾತ್ರ ನನಗೆ ಇನ್ನೂ ಬಂದಿಲ್ಲ.